ಎಲೆಗೆ ತೂತಿದ್ರೆ ಇರಲಿ ಬಿಡಿ: ಮೂಡಿಗೆರೆ ಕಡೆ ನಾನು ಫೋಟೋ ತೆಗೆಯೋ ರೀತಿ

ಫೋಟೋ ತೋರಿಸಿದ ತಕ್ಷಣ ಎಲ್ಲರೂ ಕೇಳೋದು ಒಂದೇ, "ಎಡಿಟ್ ಮಾಡಿದ್ದಾ ಇದು?" ಅಂತ. ಹೌದು ಕಣ್ರೀ ಮಾಡಿದ್ದೇ, ರಾ ಫೈಲಲ್ಲಿ, ಅಂದ್ರೆ ಕ್ಯಾಮೆರಾ ಬಣ್ಣ ಬೆಳಕು ಏನೂ ತಿದ್ದದ ಫೈಲಲ್ಲಿ ತೆಗೀತೀನಿ, ಎಡಿಟ್ ಮಾಡದೇ ಇದ್ರೆ ಅದು ಮಂಕಾಗಿ ಬೂದಿ ಬಳಿದ ಹಂಗೆ ಕಾಣುತ್ತೆ. ಆದ್ರೆ "ಆ ಹಾವು ಆ ಕೊಂಬೆ ಮೇಲೆ ತಾನೇ ಬಂದು ಕೂತಿತ್ತಾ?" ಅಂತ ಕೇಳಿದವರನ್ನ ನಾನು ಜಾಸ್ತಿ ನೋಡಿಲ್ಲ. ನನ್ನ ಪ್ರಕಾರ ಮೋಸ ನಡೆಯೋದು ಹೆಚ್ಚಾಗಿ ಶಟರ್ ಒತ್ತೋಕೆ ಮುಂಚೆ, ಅದನ್ನ ಯಾವ ಸಾಫ್ಟ್‌ವೇರೂ ಹಿಡಿಯಲ್ಲ, ತೆಗೆದವನಿಗೆ ಮಾತ್ರ ಗೊತ್ತಿರುತ್ತೆ.

ಮಳೆಗಾಲದಲ್ಲಿ ನಮ್ಮ ಕಡೆ, ಮೂಡಿಗೆರೆಯಿಂದ ಕೊಟ್ಟಿಗೆಹಾರ, ಚಾರ್ಮಾಡಿ ತನಕ, ಕ್ಯಾಮೆರಾ ಹಿಡ್ಕೊಂಡವರದ್ದೇ ಜಾತ್ರೆ. ಎಲ್ಲರಿಗೂ ಬೇಕಿರೋದು ಮಲಬಾರ್ ಪಿಟ್ ವೈಪರ್, ನಮ್ಮ ಗುಳಿಮಂಡಲ. ಹಸಿರು, ಕಂದು, ಹಳದಿ ಅಂತ ಹಲವು ಬಣ್ಣದಲ್ಲಿ ಸಿಗುತ್ತೆ, ನೋಡೋಕೆ ನಿಜವಾಗ್ಲೂ ಚೆನ್ನಾಗಿರುತ್ತೆ. ಒಂದು ರೆಸಾರ್ಟಿನ ನೈಟ್ ವಾಕ್ ಅಂತ ಕರ್ಕೊಂಡು ಹೋಗೋರು ಹುಕ್ಕಲ್ಲಿ ಹಾವನ್ನ ಎತ್ತಿ ಪಾಚಿ ಕಟ್ಟಿದ ಕೊಂಬೆ ಮೇಲೆ ಇಟ್ಟು, ಸುತ್ತ ಐದಾರು ಜನ ನಿಂತು ಫ್ಲ್ಯಾಶ್ ಹೊಡೆದಿದ್ದನ್ನ ನಾನೇ ಕಣ್ಣಾರೆ ನೋಡಿದ್ದೀನಿ. ಫೋಟೋ ಚೆನ್ನಾಗೇ ಬಂದಿತ್ತು ಅದು ಬೇರೆ ಮಾತು. ಹಿಂದೆ ಪೂರ್ತಿ ಕಪ್ಪು, ಕೊಂಬೆ ಮೇಲೆ ಹನಿ, ಹಾವು ಎಸ್ ಆಕಾರದಲ್ಲಿ ಸುತ್ತಿಕೊಂಡು ಕಡಿಯೋಕೆ ರೆಡಿ. ಗೊತ್ತಿಲ್ಲದವರು ಅದನ್ನ ಬೇಟೆಗೆ ಕೂತಿರೋ ಹಾವು ಅಂದ್ಕೋತಾರೆ, ಅದು ಹೆದರಿ ಕೂತಿರೋ ಹಾವು.

ಇದರಲ್ಲಿ ನಂಗೆ ಅರ್ಥ ಆಗದೇ ಇರೋದು ಏನಂದ್ರೆ ಈ ಹಾವಿಗೆ ಅಷ್ಟೆಲ್ಲ ಮಾಡೋ ಅಗತ್ಯನೇ ಇಲ್ಲ. ಗುಳಿಮಂಡಲ ಹೊಂಚು ಹಾಕಿ ಬೇಟೆ ಆಡೋ ಜಾತಿ, ಕಪ್ಪೆ ಓಡಾಡೋ ಒಂದು ಜಾಗ ಹಿಡಿದ್ರೆ ಎಷ್ಟೋ ಸಲ ದಿನಗಟ್ಟಲೆ ಅಲ್ಲೇ ಇರುತ್ತೆ. ಹಾಗಾಗಿ ನಾನು ಮಾಡೋದು ಇಷ್ಟೇ. ಮೆಣಸಿನ ಬಳ್ಳಿ ಮೇಲೋ ಕಾಫಿ ಗಿಡದಲ್ಲೋ ಕಂಡ್ರೆ ಮೊದಲ ದಿನ ದೂರದಿಂದ ನೋಡಿ, ಯಾವ ಕಡೆ ತಲೆ ಇದೆ, ಬೆಳಕು ಎಲ್ಲಿಂದ ಬೀಳಬಹುದು ಅಂತ ಲೆಕ್ಕ ಹಾಕಿ ವಾಪಸ್ ಬರೋದು, ಆಮೇಲೆ ಬೆಳಗ್ಗೆ ಮೋಡದ ಬೆಳಕಲ್ಲಿ ಟ್ರೈಪಾಡ್ ತಗೊಂಡು ಹೋಗೋದು. ಹತ್ತಿರದಿಂದ ತೆಗೆಯೋ ನೂರು ಎಂಎಂ ಮ್ಯಾಕ್ರೋ ಲೆನ್ಸ್ ಇದ್ರೂ ಹಾವಿಗೆ ನಾನು ಉದ್ದದ ಲೆನ್ಸೇ ಹಾಕೋದು, ದೂರ ನಿಂತ್ರೆ ಅದು ತಲೆನೂ ಎತ್ತಲ್ಲ. ಬೆಳಕು ಸಾಲದೇ ಇದ್ರೆ ಥರ್ಮಾಕೋಲ್ ಶೀಟ್ ಒಂದು ಪಕ್ಕದಲ್ಲಿ ಹಿಡಿಯೋದು, ಅಷ್ಟು ಸಾಕು. ಅಡ್ಡ ಬಂದಿರೋ ಕಡ್ಡಿ ಮುರಿಯಲ್ಲ, ನಾನೇ ಜಾಗ ಬದಲಾಯಿಸ್ತೀನಿ. ಕೆಲವೊಮ್ಮೆ ಎಲ್ಲಿ ನಿಂತ್ರೂ ಕಡ್ಡಿ ಮುಖಕ್ಕೇ ಅಡ್ಡ ಬರುತ್ತೆ, ಆಗ ಕಡ್ಡಿ ಸಮೇತ ಫೋಟೋ. ಎಲೆಗೆ ಹುಳ ತಿಂದ ತೂತು ಇದ್ರೂ ಹಾಗೇ ಬಿಡ್ತೀನಿ, ಮಳೆಗಾಲದಲ್ಲಿ ತೂತಿಲ್ಲದ ಎಲೆ ಮಲೆನಾಡಲ್ಲಿ ಎಲ್ಲಿದೆ ಹೇಳಿ.

ಕಪ್ಪೆಗಳ ವಿಷಯಕ್ಕೆ ಬಂದ್ರೆ ಇನ್ನೂ ಮಜಾ ಇದೆ. ನಮ್ಮ ಊರಿನ ಹೆಸರಿಟ್ಕೊಂಡ ಕಪ್ಪೆ ಒಂದಿದೆ ಅಂತ ಇಲ್ಲಿಯವರಿಗೇ ಎಷ್ಟೋ ಜನಕ್ಕೆ ಗೊತ್ತಿಲ್ಲ, ಮೈಕ್ರಿಕ್ಸಾಲಸ್ ಕೊಟ್ಟಿಗೆಹಾರೆನ್ಸಿಸ್ ಅಂತ, 1937ರಲ್ಲಿ ಸಿ.ಆರ್. ನಾರಾಯಣ ರಾವ್ ಅವರು ವಿವರಿಸಿದ್ದು. ಕುಣಿಯೋ ಕಪ್ಪೆ ಅಂತಾರೆ. ಹಳ್ಳದ ನೀರಿನ ಸದ್ದಲ್ಲಿ ಕೂಗಿದ್ದು ಕೇಳಿಸೋದು ಕಷ್ಟ ಅಲ್ವಾ, ಅದಕ್ಕೆ ಗಂಡು ಕಪ್ಪೆ ಕಲ್ಲಿನ ಮೇಲೆ ಕೂತು ಹಿಂಗಾಲನ್ನ ಚಾಚಿ, ಬೆರಳ ನಡುವಿನ ಬಿಳಿ ಜಾಲರಿ ಬಿಚ್ಚಿ ತೋರಿಸಿ ಮತ್ತೆ ಮಡಚ್ಕೊಳುತ್ತೆ. ಹೆಬ್ಬೆರಳಿನಷ್ಟೂ ಇರಲ್ಲ ಗಾತ್ರ. ಪುಣ್ಯಕ್ಕೆ ಹಗಲಲ್ಲೇ ಕುಣಿಯುತ್ತೆ, ಮಳೆಯ ಅಬ್ಬರ ಇಳಿದ ಮೇಲೆ ಸಿಗೋದು ಸುಲಭ.

ಇದನ್ನ ತೆಗೆಯೋಕೆ ಹಳ್ಳದಲ್ಲೇ ಕೂರಬೇಕು. ಕಾಲಿಗೆ ಲೀಚ್ ಸಾಕ್ಸ್ ಹಾಕ್ಕೊಂಡ್ರೂ ಉಂಬಳ ಸೊಂಟದ ತನಕ ಬರುತ್ತೆ, ಸೊಳ್ಳೆಗೆ ಹಚ್ಚೋ ಕ್ರೀಮ್ ನಾನು ಹಳ್ಳಕ್ಕೆ ಇಳಿಯೋ ದಿನ ಹಚ್ಚಲ್ಲ, ಯಾಕಂದ್ರೆ ಕಪ್ಪೆ ಚರ್ಮದಿಂದಾನೂ ಉಸಿರಾಡುತ್ತೆ, ನೀರಿಗೆ ಬಿದ್ದ ಕೆಮಿಕಲ್ ನೇರ ಅದರ ಮೈಗೇ ಹೋಗುತ್ತೆ. ಮೊದಲು ನಾವು ಹೋದ ತಕ್ಷಣ ಎಲ್ಲ ಕಪ್ಪೆ ಕಲ್ಲಿನ ಸಂದಿ ಸೇರ್ಕೋತಾವೆ. ಅಲ್ಲಾಡದೇ ಕೂತ್ರೆ ಸ್ವಲ್ಪ ಹೊತ್ತಲ್ಲಿ ಒಂದು ಕೂಗುತ್ತೆ, ಅದಕ್ಕೆ ಇನ್ನೊಂದು ಉತ್ತರ ಕೊಡುತ್ತೆ, ಆಮೇಲೆ ಕಾಲು ಶುರು. ಕಾಡಿನ ಕೆಳಗೆ ಕತ್ತಲು ಜಾಸ್ತಿ, ಕಾಲು ಚಾಚಿದ್ದು ಶಾರ್ಪ್ ಬರಬೇಕು ಅಂದ್ರೆ ಶಟರ್ 1/500 ಸೆಕೆಂಡ್ ಆದ್ರೂ ಬೇಕು, ಬೆಳಕಿಗೆ ಕ್ಯಾಮೆರಾ ಎಷ್ಟು ಸೂಕ್ಷ್ಮ ಅನ್ನೋ ಐಎಸ್‌ಒ 6400ಕ್ಕೆ ಹೋಗುತ್ತೆ, ಫೋಟೋ ತುಂಬಾ ನಾಯ್ಸ್, ಮರಳು ಚೆಲ್ಲಿದ ಹಂಗೆ ಚುಕ್ಕಿ. ಇಲ್ಲೇ ಜನ ಶಾರ್ಟ್‌ಕಟ್ ಹುಡುಕೋದು, ಕಪ್ಪೆನ ಹಿಡಿದು ಡಬ್ಬಕ್ಕೆ ಹಾಕ್ಕೊಂಡು ಬಂದು ಮನೇಲಿ ಕಲ್ಲು ನೀರು ಜೋಡಿಸಿ ತೆಗೆಯೋರೂ ಇದ್ದಾರೆ. ಕಪ್ಪೆ ಕಾಣುತ್ತೆ ನಿಜ, ಆದ್ರೆ ಹಳ್ಳದ ಸದ್ದಿಲ್ಲ, ಎದುರಾಳಿ ಇಲ್ಲ, ಕಾಲು ಯಾಕೆ ಎತ್ತಬೇಕು ಅದು?

ಹಾರುವ ಕಪ್ಪೆಯ ನೊರೆಗೂಡಿಗೂ ಇದೇ ಗತಿ. ತೋಟದ ಕೆರೆ, ಸಿಮೆಂಟ್ ತೊಟ್ಟಿ ಮೇಲೆ ಬಾಗಿರೋ ಎಲೆಗಳ ಮಧ್ಯೆ ನೊರೆ ಕಟ್ಟಿ ಮೊಟ್ಟೆ ಇಡುತ್ತೆ, ಮರಿ ಸೀದಾ ಕೆಳಗಿನ ನೀರಿಗೆ ಬೀಳ್ಬೇಕು ಅಂತ. ಕ್ಲೀನ್ ಫೋಟೋ ಬರ್ಲಿ ಅಂತ ಎಲೆ ಕಿತ್ತು ಹಾಕಿದ್ರೆ ನೊರೆ ಬಿಸಿಲಿಗೆ ಒಣಗುತ್ತೆ, ಕತೆ ಮುಗೀತು. ಬೇಸಿಗೆಯಲ್ಲಿ ಭದ್ರಾ ಹಿನ್ನೀರಿನ ನಡುಗಡ್ಡೆಗಳಲ್ಲಿ ರಿವರ್ ಟರ್ನ್ ಹಕ್ಕಿಗಳು ಗೂಡು ಮಾಡ್ತಾವಲ್ಲ, ಅಲ್ಲೂ ಅಷ್ಟೇ, ಬೋಟ್ ಹತ್ತಿರ ಹೋಗಿ ತಾಯಿ ಎದ್ರೆ ಮೊಟ್ಟೆ ಆ ಬಿಸಿಲಲ್ಲಿ ಬೇಯುತ್ತೆ. ಗೂಡಿನ ಫೋಟೋ ನಾನು ತೆಗೆಯೋದನ್ನೇ ಬಿಟ್ಟಿದ್ದೀನಿ. ಇದು ಬರೀ ಮನಸ್ಸಿನ ಮಾತೂ ಅಲ್ಲ, 1972ರ ವನ್ಯಜೀವಿ ಕಾಯ್ದೆಯಲ್ಲಿ ಬೇಟೆ ಅಂದ್ರೆ ಏನು ಅನ್ನೋದನ್ನ ಒಂದ್ಸಲ ಓದಿ, ಹಿಡಿಯೋದು, ಅಟ್ಟಾಡಿಸೋದು, ಆಮಿಷ ಹಾಕೋದು, ಹಕ್ಕಿ ಹಾವುಗಳ ಮೊಟ್ಟೆ ಗೂಡಿಗೆ ತೊಂದರೆ ಕೊಡೋದು ಎಲ್ಲ ಅದರೊಳಗೇ ಬರುತ್ತೆ.

ದೊಡ್ಡ ದೊಡ್ಡ ಸ್ಪರ್ಧೆಗಳಲ್ಲೂ ಸಿಕ್ಕಿಬಿದ್ದಿದ್ದು ಇಂಥ ವಿಷಯಕ್ಕೇ ನೋಡಿ. ಲಂಡನ್ನಿನ ನ್ಯಾಚುರಲ್ ಹಿಸ್ಟರಿ ಮ್ಯೂಸಿಯಂ ನಡೆಸೋ ವೈಲ್ಡ್‌ಲೈಫ್ ಫೋಟೋಗ್ರಾಫರ್ ಆಫ್ ದಿ ಇಯರ್‌ನಲ್ಲಿ 2009ರಲ್ಲಿ ಗೆದ್ದಿದ್ದು ಗೇಟು ಹಾರ್ತಿರೋ ತೋಳದ ಫೋಟೋ, ಅದು ಸಾಕಿದ ತೋಳ ಇರಬಹುದು ಅಂತ ತೀರ್ಪುಗಾರರು ಬಹುಮಾನ ವಾಪಸ್ ತಗೊಂಡ್ರು. 2017ರಲ್ಲಿ ಗೆದ್ದ ಇನ್ನೊಂದರಲ್ಲಿ ಹೊಳೆಯೋ ಗೆದ್ದಲು ಹುತ್ತದ ಪಕ್ಕ ಇರುವೆಭಕ್ಷಕ ಇತ್ತು, ಅದು ಹುಲ್ಲು ತುಂಬಿಸಿಟ್ಟ ಪ್ರಾಣಿ ಅಂತ ತೀರ್ಮಾನ ಮಾಡಿ 2018ರಲ್ಲಿ ಅದನ್ನೂ ತೆಗೆದು ಹಾಕಿದ್ರು. ತೆಗೆದವರು ಇಬ್ಬರೂ ಆರೋಪ ಒಪ್ಪಲಿಲ್ಲ. ಎರಡರಲ್ಲೂ ತಕರಾರು ಇದ್ದಿದ್ದು ಎಡಿಟಿಂಗ್ ಬಗ್ಗೆ ಅಲ್ಲವೇ ಅಲ್ಲ.

ಹಾಗಂತ ಎಡಿಟಿಂಗ್ ಟೇಬಲ್ ಮೇಲೆ ಏನು ಬೇಕಾದ್ರೂ ಮಾಡಬಹುದು ಅಂತಾನೂ ಹೇಳ್ತಿಲ್ಲ. ವೈಟ್ ಬ್ಯಾಲೆನ್ಸ್, ಅಂದ್ರೆ ಬೆಳಕಿನಿಂದ ಬಂದ ಬಣ್ಣದ ಛಾಯೆ, ನಾನು ಯಾವಾಗ್ಲೂ ಸರಿ ಮಾಡ್ತೀನಿ, ಕಾಡೊಳಗೆ ಎಲೆಯಿಂದ ಸೋಸಿ ಬರೋ ಬೆಳಕಿಗೆ ಎಲ್ಲ ಹಸಿರು ಹಸಿರಾಗಿರುತ್ತೆ, ನಮ್ಮ ಕಣ್ಣು ಅದನ್ನ ತಾನೇ ಹೊಂದಿಸ್ಕೊಳುತ್ತೆ, ಕ್ಯಾಮೆರಾಕ್ಕೆ ಅದು ಬರಲ್ಲ, ಅದಕ್ಕೆ ಬಣ್ಣ ಹೋಲಿಸೋಕೆ ಒಂದು ಬೂದು ಬಣ್ಣದ ಗ್ರೇ ಕಾರ್ಡ್ ಇಟ್ಟು ಒಂದು ಫ್ರೇಮ್ ತಗೊಂಡಿರ್ತೀನಿ. ಕ್ರಾಪ್, ಎಕ್ಸ್‌ಪೋಷರ್, ಸೆನ್ಸರ್ ಮೇಲಿನ ಧೂಳು ಒರೆಸೋದು ಇವೆಲ್ಲ ಓಕೆ. ಸ್ಯಾಚುರೇಷನ್ ಎಳೆದು ಬಣ್ಣ ಗಾಢ ಮಾಡೋದು ಮಾತ್ರ ಇಲ್ಲ. ಕಂದು ಗುಳಿಮಂಡಲನ ಕಿತ್ತಳೆ ಮಾಡಿ ಜನ ತಾವು ಕಂಡ ಜೀವಿಗಳನ್ನ ದಾಖಲಿಸೋ ಐನ್ಯಾಚುರಲಿಸ್ಟ್‌ಗೋ ಇಂಡಿಯಾ ಬಯೋಡೈವರ್ಸಿಟಿ ಪೋರ್ಟಲ್‌ಗೋ ಹಾಕಿದ್ರೆ ಅದನ್ನ ನೋಡಿ ಸಂಶೋಧನೆ ಮಾಡೋರು ಈ ಕಡೆ ಇಂಥ ಬಣ್ಣದ್ದೂ ಇದೆ ಅಂದ್ಕೋತಾರೆ. ನಾಯ್ಸ್ ಒರೆಸೋ ಎಐ ಡಿನಾಯ್ಸ್ ಕೂಡ ಹುಷಾರಾಗಿ ಬಳಸಬೇಕು, ಜೋರು ಕೊಟ್ರೆ ಕಪ್ಪೆ ಚರ್ಮದ ಮೇಲೆ ಇಲ್ಲದ ಗುಳ್ಳೆನೆಲ್ಲ ಅದೇ ಬರೆಯುತ್ತೆ. ನಂಗೆ ಸ್ವಲ್ಪ ಮರಳು ಮರಳಾಗಿದ್ರೇ ವಾಸಿ. ಜಿಪಿಎಸ್ ಮಾಹಿತಿ ಮಾತ್ರ ಪ್ರತಿ ಫೋಟೋದಿಂದ ತೆಗೆದುಬಿಡ್ತೀನಿ, ಇಲ್ಲಾಂದ್ರೆ ಮಾರನೇ ವಾರ ಅದೇ ಹಳ್ಳದಲ್ಲಿ ಮೂರು ಜೀಪ್ ನಿಂತಿರುತ್ತೆ.

ನಿಜವಾಗ್ಲೂ ತಲೆ ಕೆಡಿಸೋದು ಆನೆ. ಆಲೂರು, ಸಕಲೇಶಪುರ, ಬೇಲೂರು ಕಡೆ ಆನೆ ಇರೋದು ಕಾಫಿ ತೋಟದಲ್ಲೇ, ಎಲ್ಲಿದೆ ಅಂತ ಮೊಬೈಲ್‌ಗೆ ಮೆಸೇಜ್ ಬರುತ್ತೆ, ಕೆಲವು ಆನೆಗಳ ಕತ್ತಲ್ಲಿ ರೇಡಿಯೋ ಕಾಲರ್. ಸಕಲೇಶಪುರದ ಹತ್ತಿರ ಒಬ್ಬ ಪರಿಚಯದವರ ಮನೆ ತಾರಸಿ ಮೇಲಿಂದ ತೆಗೆದ ಒಂದು ಫೋಟೋ ಇದೆ ನನ್ನ ಹತ್ರ, ಬೆಳಗ್ಗೆ ಮಂಜು, ಸಿಲ್ವರ್ ಓಕ್ ಸಾಲು, ಹೆಣ್ಣಾನೆ ಹಿಂದೆ ಮರಿ, ಎದುರಿಗೆ ಸ್ಪ್ರಿಂಕ್ಲರ್ ಪೈಪ್, ಮೇಲೆ ಕರೆಂಟ್ ತಂತಿ. ನಾನು ತೆಗೆದಿದ್ದರಲ್ಲಿ ನಂಗೆ ತುಂಬಾ ಇಷ್ಟ ಅದು. ಫೋಟೋ ಗೊತ್ತಿರೋ ಹಿರಿಯರೊಬ್ಬರಿಗೆ ತೋರಿಸಿದ್ರೆ "ತಂತಿ ಪೈಪ್ ತೆಗೆದು ಹಾಕು, ಮೆಡಲ್ ಬರುತ್ತೆ" ಅಂದ್ರು. ತೆಗೆದ್ರೆ ಅದು ಎಲ್ಲೋ ಕಾಡಿನ ಆನೆ ಆಗುತ್ತೆ, ಹಾಸನದ ಆನೆ ಆಗಲ್ಲ. ತಮಾಷೆ ಏನಂದ್ರೆ ಫೋಟೋ ಸ್ಪರ್ಧೆಗಳಿಗೆ ಮಾನ್ಯತೆ ಕೊಡೋ ಅಂತರರಾಷ್ಟ್ರೀಯ ಸಂಸ್ಥೆಗಳಾದ ಫಿಯಾಪ್, ಪಿಎಸ್‌ಎ ನೇಚರ್ ವಿಭಾಗದ ನಿಯಮದ ಪ್ರಕಾರ ಏನನ್ನೂ ಅಳಿಸೋ ಹಾಗೇ ಇಲ್ಲ, ರೇಡಿಯೋ ಕಾಲರ್ ಇದ್ರೂ ನಡೆಯುತ್ತೆ, ಮನುಷ್ಯ ಮಾಡಿದ ವಸ್ತು ಮಾತ್ರ ಆ ಪ್ರಾಣಿಯ ಕತೆಗೆ ಅಗತ್ಯ ಇದ್ರೆ ಮಾತ್ರ ಇರಬಹುದು. ತಂತಿ ಇಲ್ಲದೆ ಈ ಆನೆಗಳ ಕತೆ ಹೇಗೆ ಹೇಳೋದು ನಂಗಂತೂ ಗೊತ್ತಿಲ್ಲ. ಪೈಪ್, ತಂತಿ ಎಲ್ಲ ಇಟ್ಟೇ, ಕ್ಯಾಪ್ಷನ್‌ನಲ್ಲಿ ಕಾಫಿ ತೋಟ, ತಾರಸಿಯಿಂದ ತೆಗೆದಿದ್ದು ಅಂತ ಬರೆದು ಈ ಸಲ ಸ್ಪರ್ಧೆಗೆ ಕಳಿಸಿದ್ದೀನಿ, ತೀರ್ಪುಗಾರರು ಅದನ್ನ ಅಗತ್ಯ ಅಂತಾರೋ ಅಡ್ಡ ಅಂತಾರೋ, ರಿಸಲ್ಟ್ ಇನ್ನೂ ಬಂದಿಲ್ಲ.