ಟ್ರೈನಿಂಗ್ ಮುಗಿಸಿದವರಿಗೆ ಕೆಲಸ ಸಿಕ್ತಾ? ಲೆಕ್ಕ ಇಡೋದು ಹೀಗೆ

ಎಷ್ಟು ಜನ ಟ್ರೈನಿಂಗ್‌ಗೆ ಸೇರಿದ್ರು, ಎಷ್ಟು ಸರ್ಟಿಫಿಕೇಟ್ ಹಂಚಿದ್ವಿ ಅಂತ ಎಲ್ರೂ ಹೇಳ್ತಾರೆ, ಆದ್ರೆ ಆರು ತಿಂಗಳು ಕಳೆದ್ಮೇಲೆ ಆ ಮನುಷ್ಯನ ಕೈಗೆ ಸಂಬಳ ಬರ್ತಿದೆಯಾ ಅನ್ನೋದು ಮುಖ್ಯ. ಅಮೆರಿಕದ ರಾಜ್ಯಗಳು ಉದ್ಯೋಗ ತರಬೇತಿಗೆ ಸಂಬಂಧಿಸಿದ 2014ರ ಡಬ್ಲ್ಯುಐಒಎ (WIOA) ಕಾಯ್ದೆ ಪ್ರಕಾರ ಇದನ್ನ ಲೆಕ್ಕ ಹಾಕಿ ತೋರಿಸಲೇಬೇಕು.

ಮೊದಲ್ನೇದು, ಸೇರೋ ದಿನಾನೇ ಮಾಹಿತಿ ಸರಿಯಾಗಿ ತಗೊಳ್ಳಿ. ಸೋಶಿಯಲ್ ಸೆಕ್ಯೂರಿಟಿ ನಂಬರ್ (ಅಮೆರಿಕದಲ್ಲಿ ಜನರಿಗೆ ಸರ್ಕಾರ ಕೊಡೋ ಗುರುತಿನ ಸಂಖ್ಯೆ) ಇದ್ರೆ ಮುಂದೆ ಸಂಬಳದ ದಾಖಲೆ ಜೊತೆ ಹೊಂದಿಸೋದು ಸುಲಭ. ಕೊಡಲ್ಲ ಅಂದವರನ್ನ ವಾಪಸ್ ಕಳಿಸೋ ಹಾಗಿಲ್ಲ, ಅಂಥವರ ಹತ್ರ ಆಮೇಲೆ ಪೇ ಸ್ಲಿಪ್ ಕೇಳಬಹುದು.

ಆಮೇಲೆ ಎಕ್ಸಿಟ್ ಡೇಟ್, ಅಂದ್ರೆ ಆ ವ್ಯಕ್ತಿ ಕಾರ್ಯಕ್ರಮದಿಂದ ಹೊರಗೆ ಹೋದ ದಿನ, ಜಾಸ್ತಿ ತಪ್ಪಾಗೋದು ಇಲ್ಲೇ. ಕೊನೇ ಸರ್ವಿಸ್ (ಟ್ರೈನಿಂಗ್ ಥರದ ನೆರವು) ಆದ್ಮೇಲೆ 90 ದಿನ ಬೇರೆ ಸರ್ವಿಸ್ ಏನೂ ತಗೊಂಡಿಲ್ಲ, ಮುಂದಕ್ಕೂ ಯಾವ್ದೂ ಪ್ಲಾನ್ ಆಗಿಲ್ಲ ಅಂದ್ರೆ ಎಕ್ಸಿಟ್ ಆದ ಹಾಗೆ, ಆದ್ರೆ ತಾರೀಖು ಮಾತ್ರ ಹಿಂದಕ್ಕೆ ಹೋಗಿ ಆ ಕೊನೇ ಸರ್ವಿಸ್ ದಿನಕ್ಕೇ ಕೂರುತ್ತೆ. ಫೆಬ್ರವರಿ 10 ಕೊನೇ ದಿನ ಅಂದ್ಕೊಳ್ಳಿ, ಎಕ್ಸಿಟ್ ಕ್ವಾರ್ಟರ್ (ಎಕ್ಸಿಟ್ ಆದ ಮೂರು ತಿಂಗಳ ಅವಧಿ) ಜನವರಿ-ಮಾರ್ಚ್, ಅದಾದ್ಮೇಲಿನ ಎರಡನೇ ಕ್ವಾರ್ಟರ್ ಜುಲೈ-ಸೆಪ್ಟೆಂಬರ್, ನಾಲ್ಕನೇದು ಮುಂದಿನ ವರ್ಷದ ಜನವರಿ-ಮಾರ್ಚ್. ಕೆಲಸ ಇದೆಯಾ ಅಂತ ನೋಡೋದು ಈ ಎರಡು ಕಡೆ.

ನೋಡೋದು ಹೇಗೆ ಅಂದ್ರೆ, ಕಂಪನಿಗಳು ಪ್ರತಿ ಕ್ವಾರ್ಟರ್ ನಿರುದ್ಯೋಗ ವಿಮೆಗೆ ಕೊಡೋ ಸಂಬಳದ ದಾಖಲೆ ಜೊತೆ ಹೊಂದಿಸ್ಬೇಕು, ಬೇರೆ ರಾಜ್ಯಕ್ಕೆ ಹೋದವರನ್ನ ಹುಡುಕೋಕೆ ರಾಜ್ಯಗಳು ಸ್ವಿಸ್ (SWIS, ಸ್ಟೇಟ್ ವೇಜ್ ಇಂಟರ್‌ಚೇಂಜ್ ಸಿಸ್ಟಮ್) ಅನ್ನೋ ವ್ಯವಸ್ಥೆಯಲ್ಲಿ ಡೇಟಾ ಹಂಚ್ಕೋತವೆ. ಸ್ವಂತ ಕೆಲಸ ಮಾಡೋರು ಈ ದಾಖಲೆಯಲ್ಲಿ ಸಾಮಾನ್ಯವಾಗಿ ಇರಲ್ಲ, ಅದಕ್ಕೇ ಫೋನ್ ಮಾಡಿ ವಿಚಾರಿಸ್ಲೇಬೇಕು, ಬಿಟ್ರೆ ದುಡೀತಿರೋ ಮನುಷ್ಯ ನಿಮ್ಮ ಲೆಕ್ಕದಲ್ಲಿ ನಿರುದ್ಯೋಗಿ ಆಗ್ಬಿಡ್ತಾನೆ.

ಸಂಬಳಕ್ಕೆ ಸರಾಸರಿ ಬೇಡ, ಮೀಡಿಯನ್ ತಗೊಳ್ಳಿ, ಅಂದ್ರೆ ಕಡಿಮೆಯಿಂದ ಜಾಸ್ತಿಗೆ ಸಾಲಾಗಿ ಇಟ್ಟಾಗ ಮಧ್ಯದಲ್ಲಿ ಬರೋ ಸಂಖ್ಯೆ. ಐದು ಜನ ಒಂದು ಕ್ವಾರ್ಟರ್‌ನಲ್ಲಿ 4,000, 6,000, 7,000, 8,000, 30,000 ಡಾಲರ್ ದುಡಿದ್ರು ಅಂದ್ರೆ ಸರಾಸರಿ 11,000, ಆದ್ರೆ ನಾಲ್ಕು ಜನ ಅದರ ಹತ್ರಾನೂ ಬಂದಿಲ್ಲ. ಮಧ್ಯದ 7,000 ಸತ್ಯಕ್ಕೆ ಹತ್ತಿರ.

ಸರ್ಟಿಫಿಕೇಟ್ ಲೆಕ್ಕಕ್ಕೆ ಎಕ್ಸಿಟ್ ಆಗಿ ಒಂದು ವರ್ಷದವರೆಗೂ ಟೈಮ್ ಇದೆ, ಕಾಪಿ ಫೈಲ್‌ನಲ್ಲಿ ಇಟ್ಕೊಳ್ಳಿ.

ಮತ್ತೆ ಅರ್ಧಕ್ಕೆ ಬಿಟ್ಟು ಹೋದವರನ್ನ ದಯವಿಟ್ಟು ಪಟ್ಟಿಯಿಂದ ತೆಗೀಬೇಡಿ. ಅವರೂ ಲೆಕ್ಕಕ್ಕೆ ಬರ್ತಾರೆ, ಯಾಕೆ ಬಿಟ್ರು ಅಂತ ಕೇಳಿ ಬರೆದಿಟ್ರೆ ಕೋರ್ಸ್ ಟೈಮಿಂಗ್ ತೊಂದರೆನಾ, ಮಗು ನೋಡ್ಕೊಳ್ಳೋರು ಇರ್ಲಿಲ್ವಾ ಅನ್ನೋದು ಮುಂದಿನ ಬ್ಯಾಚ್ ಶುರುವಾಗೋ ಮೊದ್ಲೇ ಗೊತ್ತಾಗುತ್ತೆ.