ಉಬುಂಟು ಅಪ್‌ಗ್ರೇಡ್ ನಿಂತುಹೋದರೆ ಮೊದಲು ಪಿಪಿಎ ನೋಡಿ

ದಾವಣಗೆರೆ ಪಿ.ಜೆ. ಬಡಾವಣೆಯ ನಮ್ಮ ಡಿಟಿಪಿ ಅಂಗಡಿಯಲ್ಲಿ ಮೊನ್ನೆ ಕಂಪ್ಯೂಟರಿನ ಆಪರೇಟಿಂಗ್ ಸಿಸ್ಟಂ ಉಬುಂಟುವಿನ 22.04 ಆವೃತ್ತಿಯಿಂದ 24.04ಕ್ಕೆ ಹೋಗಲು ನೋಡಿದೆ. ‘ಹೆಲ್ಡ್ ಬ್ರೋಕನ್ ಪ್ಯಾಕೇಜಸ್’ (ಕೆಲವು ಪ್ಯಾಕೇಜುಗಳು, ಅಂದರೆ ಸಾಫ್ಟ್‌ವೇರ್ ಕಟ್ಟುಗಳು, ಹೊಂದದೆ ಸಿಕ್ಕಿಕೊಂಡಿವೆ) ಅಂತ ಶುರುವಿನಲ್ಲೇ ನಿಂತಿತು. ಮದುವೆ ಕಾರ್ಡುಗಳ ಕೆಲಸ ಬಾಕಿ, ಕೈಕಾಲೇ ಆಡಲಿಲ್ಲ.

ಹುಡುಕಿದರೆ, ಹಿಂದೆ ಯಾವಾಗಲೋ ಸೇರಿಸಿದ್ದ ಒಂದು ಪಿಪಿಎ, ಅಂದರೆ ಉಬುಂಟುವಿನ ಸ್ವಂತ ಭಂಡಾರದ ಹೊರಗಿನ ಸಾಫ್ಟ್‌ವೇರ್ ಮೂಲ. ಅದು ತಂದಿದ್ದ ಲೈಬ್ರರಿ (ಬೇರೆ ಪ್ರೋಗ್ರಾಂಗಳು ಬಳಸುವ ಕೋಡ್) ಒಂದು ಆವೃತ್ತಿ, ಉಳಿದ ಪ್ಯಾಕೇಜುಗಳು ಕೇಳುವುದು ಇನ್ನೊಂದು. ಎರಡೂ ಒಟ್ಟಿಗೆ ಕೂರಲ್ಲ ಅಲ್ವಾ? ‘ಪಿಪಿಎ-ಪರ್ಜ್’ ಅನ್ನೋ ಕಮಾಂಡ್ ಓಡಿಸಿದೆ. ಅದು ಪಿಪಿಎ ತೆಗೆದು ಉಬುಂಟುವಿನ ಆವೃತ್ತಿಯನ್ನೇ ವಾಪಸ್ ಹಾಕುತ್ತದೆ. ಮತ್ತೆ ಅಪ್‌ಗ್ರೇಡ್ ಕೊಟ್ಟೆ, ಸಲೀಸಾಗಿ ಆಯಿತು.

ನಿಮಗೂ ಹೀಗಾದರೆ ‘ಆಪ್ಟ್-ಮಾರ್ಕ್ ಶೋಹೋಲ್ಡ್’ ಕಮಾಂಡ್ ಕೂಡ ಕೊಟ್ಟು ನೋಡಿ. ತಡೆದಿಟ್ಟ ಪ್ಯಾಕೇಜ್ ಕಂಡರೆ ‘ಅನ್‌ಹೋಲ್ಡ್’ ಮಾಡಿ. ಸುಮ್ನೆ ಫೋರ್ಸ್ ಮಾಡಿ ತುರುಕಬೇಡಿ. ತೆಗೆದುಹಾಕುವ ಪಟ್ಟಿಯಲ್ಲಿ ‘ಉಬುಂಟು-ಡೆಸ್ಕ್‌ಟಾಪ್’ (ಡೆಸ್ಕ್‌ಟಾಪಿನ ಮುಖ್ಯ ಪ್ಯಾಕೇಜ್) ಕಂಡರೆ ‘ಎನ್’, ಅಂದರೆ ಬೇಡ ಅಂತ, ಒತ್ತಿ. ಬ್ಯಾಕಪ್ ಮಾತ್ರ ಎಲ್ಲಕ್ಕಿಂತ ಮೊದಲು ತೆಗೆದಿಡಿ.