ಡ್ರೈವರ್ ಕೋಡನ್ನು ನಾನು ಓದುವುದು ಕೊನೆಯಿಂದ

ಸಾಧನವನ್ನು ನಡೆಸುವ ಕೋಡ್, ಅಂದರೆ ಲಿನಕ್ಸ್ ಡ್ರೈವರ್‌ನ ಯಾವುದೇ ಪ್ಯಾಚ್ ರಿವ್ಯೂಗೆ ಬಂದರೂ ನಾನು ಮೊದಲು ತೆರೆಯುವುದು ಡ್ರೈವರ್ ಸಾಧನವನ್ನು ಬಿಡುವಾಗ ಓಡುವ ರಿಮೂವ್ ಫಂಕ್ಷನ್. ಆಮೇಲೆ, ಸಾಧನ ಸಿಕ್ಕಾಗ ಓಡುವ ಪ್ರೋಬ್ ಫಂಕ್ಷನ್‌ನ ತಳದಲ್ಲಿ ಸಾಲಾಗಿ ನಿಂತ ಗೋಟೂ ಲೇಬಲ್‌ಗಳು, ಅಂದರೆ ನಡುವೆ ಏನಾದರೂ ಕೆಟ್ಟರೆ ಪಡೆದದ್ದನ್ನು ಬಿಡಲು ಹಾರುವ ಜಾಗಗಳು. ಉಳಿದದ್ದೆಲ್ಲ ಅದಾದ ಮೇಲೆ. ಮೊದಮೊದಲು ಹೀಗಿರಲಿಲ್ಲ. ಮೇಲಿನಿಂದ ಕೆಳಗೆ ಓದಿಕೊಂಡು ಹೋಗಿ, ಹೆಸರು ಸರಿಯಿಲ್ಲ, ಇಂಡೆಂಟ್ ತಪ್ಪಿದೆ ಎಂದು ನಾಲ್ಕು ಮಾತು ಬರೆದು ಒಪ್ಪಿಗೆ ಕೊಟ್ಟುಬಿಡುತ್ತಿದ್ದೆ.

ಹಾಗೆ ಒಪ್ಪಿಗೆ ಕೊಟ್ಟ ಒಂದು ಡ್ರೈವರ್ ಬುದ್ಧಿ ಕಲಿಸಿತು. ಪ್ರೋಬ್‌ನಲ್ಲಿ ಮೆಮೊರಿ ಕೊಡುವ ಕೆಜಡ್‌ಅಲಾಕ್‌ನಿಂದ ಬಫರ್ ಪಡೆದಿದ್ದರು. ಸಾಧನ ಸಿಪಿಯುವನ್ನು ಕರೆಯುವ ಸಂಕೇತವಾದ ಇಂಟರಪ್ಟನ್ನು ಡೆವ್‌ಎಂ ರಿಕ್ವೆಸ್ಟ್ ಐಆರ್‌ಕ್ಯೂ ಮೂಲಕ ಹಿಡಿದಿದ್ದರು; ಡೆವ್‌ಎಂ ಎಂದರೆ ಪಡೆದದ್ದನ್ನು ಕರ್ನಲ್ ತಾನೇ ಬಿಡುವ ವ್ಯವಸ್ಥೆ. ರಿಮೂವ್‌ನಲ್ಲಿ ಒಂದೇ ಸಾಲು, ಬಫರ್ ಬಿಡುವ ಕೆಫ್ರೀ. ಬಿಡಿಬಿಡಿಯಾಗಿ ನೋಡಿದರೆ ಎಲ್ಲವೂ ಸರಿ. ಆದರೆ ಡೆವ್‌ಎಂ ಹಿಡಿದದ್ದು ಬಿಡುಗಡೆಯಾಗುವುದು ರಿಮೂವ್ ಮುಗಿದ ಮೇಲೆ. ಅಂದರೆ ಬಫರ್ ಹೋಗಿದೆ, ಇಂಟರಪ್ಟ್ ಇನ್ನೂ ಜೀವಂತ. ಆ ಸಂದಿಯಲ್ಲಿ ಸಾಧನ ಒಮ್ಮೆ ಕೂಗಿದರೆ ಸಾಕು, ಇಂಟರಪ್ಟ್ ಬಂದಾಗ ಓಡುವ ಹ್ಯಾಂಡ್ಲರ್ ಬೇರೆ ಯಾರದೋ ಮೆಮೊರಿಗೆ ಬರೆಯುತ್ತದೆ. ನಾವು ಡ್ರೈವರ್ ಮಾಡ್ಯೂಲ್ ತೆಗೆದು ಪರೀಕ್ಷಿಸಿದ್ದೆಲ್ಲ ಸಾಧನ ಸುಮ್ಮನಿದ್ದಾಗ, ಹಾಗಾಗಿ ಏನೂ ಆಗಿರಲಿಲ್ಲ. 2015ರಲ್ಲಿ 4.0 ಆವೃತ್ತಿಯೊಂದಿಗೆ ಕರ್ನಲ್‌ಗೆ ಬಂದ, ಮೆಮೊರಿ ತಪ್ಪು ಹಿಡಿಯುವ ಕೇಸ್ಯಾನ್ ಹಾಕಿ, ಡೇಟಾ ಹರಿಯುತ್ತಿರುವಾಗಲೇ ಮಾಡ್ಯೂಲನ್ನು ತೆಗೆಯುವುದು, ಮತ್ತೆ ಸೇರಿಸುವುದು ಮಾಡಿದಾಗ ಮೂರನೇ ಸಲಕ್ಕೆ ಸಿಕ್ಕಿಬಿತ್ತು. ಮೆಮೊರಿ ಪಡೆದದ್ದೆಲ್ಲಿ, ಬಿಟ್ಟದ್ದೆಲ್ಲಿ ಎಂದು ವರದಿ ಎರಡು ಸಾಲು ತೋರಿಸಿತು. ಎರಡೂ ನಾನು ಒಪ್ಪಿದ ಸಾಲುಗಳೇ.

ತಮಾಷೆಯೆಂದರೆ ಮೊದಲ ತಿದ್ದುಪಡಿಯೂ ತಪ್ಪಾಗಿತ್ತು. ಬಫರನ್ನೂ ಡೆವ್‌ಎಂಗೆ ಬದಲಾಯಿಸಿದರು, ಆದರೆ ಇಂಟರಪ್ಟ್ ಹಿಡಿದ ಸಾಲಿನ ಕೆಳಗೆ. ಡೆವ್‌ಎಂ ಬಿಡುವುದು ಪಡೆದ ಕ್ರಮಕ್ಕೆ ಉಲ್ಟಾ, ಹಾಗಾಗಿ ಮತ್ತೆ ಬಫರೇ ಮೊದಲು ಹೋಯಿತು. ಎರಡು ಸಾಲು ಅದಲುಬದಲು ಮಾಡಿದ ಮೇಲಷ್ಟೇ ಸರಿಹೋದದ್ದು.

ಈಗ ಪಕ್ಕದಲ್ಲೊಂದು ಕಾಗದ ಇಟ್ಟುಕೊಳ್ಳುತ್ತೇನೆ. ಎಡಕ್ಕೆ, ಈ ಪಾಯಿಂಟರ್, ಅಂದರೆ ಮೆಮೊರಿಯ ವಿಳಾಸ, ಯಾರ ಕೈಯಲ್ಲಿದೆ: ಇಂಟರಪ್ಟ್, ಟೈಮರ್, ಆಮೇಲೆ ಮಾಡಲಿಟ್ಟ ಕೆಲಸಗಳ ಸಾಲಾದ ವರ್ಕ್‌ಕ್ಯೂ, ತೆರೆದಿಟ್ಟ ಫೈಲ್. ಬಲಕ್ಕೆ, ಅದನ್ನು ನಿಲ್ಲಿಸುವ ಸಾಲು ಯಾವುದು. ಬಲಗಡೆ ಖಾಲಿ ಉಳಿದರೆ ಅಲ್ಲೇ ಹುಳುಕು. ತುಂಬಿದ್ದರೂ ಕ್ರಮ ನೋಡಬೇಕು: ಬಾಕಿ ಕೆಲಸವನ್ನು ಕ್ಯಾನ್ಸಲ್ ವರ್ಕ್ ಸಿಂಕ್‌ನಿಂದ ರದ್ದು ಮಾಡಿ ಆಮೇಲೆ ಇಂಟರಪ್ಟ್ ಬಿಟ್ಟರೆ, ಆ ಇಂಟರಪ್ಟೇ ಕೆಲಸವನ್ನು ಮತ್ತೆ ಸಾಲಿಗೆ ಹಚ್ಚಿಬಿಡಬಹುದು. ಜನ ಹೆಚ್ಚು ಮರೆಯುವುದು ತೆರೆದ ಫೈಲನ್ನು. ಯುಎಸ್‌ಬಿ ಸಾಧನ ಕಿತ್ತರೆ ಡಿಸ್ಕನೆಕ್ಟ್ ಓಡುತ್ತದೆ, ಆದರೆ ಬಳಕೆದಾರರ ಪ್ರೋಗ್ರಾಂ ಫೈಲ್ ಹಿಡಿದೇ ಇರುತ್ತದೆ. ಮುಂದಿನ ರೀಡ್ ಎಲ್ಲಿಗೆ ಹೋಗುತ್ತದೆ? ಎಷ್ಟು ಕಡೆಯಿಂದ ಹಿಡಿದಿದ್ದಾರೆಂದು ಎಣಿಸುವ ಕೆರೆಫ್ ಕಾಣದಿದ್ದರೆ ನಾನು ಕೇಳುವ ಮೊದಲ ಪ್ರಶ್ನೆ ಅದೇ.

ಇನ್ನೊಂದು ಜಾಗ, ಉದ್ದಗಳು. ಪ್ರೋಗ್ರಾಂ ಡ್ರೈವರ್‌ಗೆ ಆಜ್ಞೆ ಕೊಡುವ ಒಂದು ಐಆಕ್ಟಲ್‌ನಲ್ಲಿ ಬಳಕೆದಾರ ಕೊಟ್ಟ ಎಣಿಕೆಯನ್ನು 16 ಬೈಟಿನ ಸ್ಟ್ರಕ್ಟ್ ಅಳತೆಗೆ ಗುಣಿಸಿ ಮೆಮೊರಿ ಕೇಳಿದ್ದರು. ಯಂತ್ರ 32 ಬಿಟ್‌ನದು. ಎಣಿಕೆ 26,84,35,457 ಆದರೆ ಗುಣಲಬ್ಧ ತುಂಬಿ ಚೆಲ್ಲಿ ಬರೀ 16ಕ್ಕೆ ಇಳಿಯುತ್ತದೆ. ಒಂದು ಸ್ಟ್ರಕ್ಟಿಗಷ್ಟೇ ಜಾಗ, ಲೂಪ್ ಮಾತ್ರ ಇಪ್ಪತ್ತಾರು ಕೋಟಿಯತ್ತ ಓಟ. ಗುಣಾಕಾರವನ್ನು ತಾನೇ ಪರಿಶೀಲಿಸುವ ಕೆಮಲಾಕ್ ಅರೇ ಬಳಸಿದ್ದರೆ ಅದು ಶೂನ್ಯ ಪಾಯಿಂಟರ್ ಕೊಟ್ಟು ನಿಲ್ಲಿಸುತ್ತಿತ್ತು. ಬಳಕೆದಾರರನ್ನು ಅನುಮಾನಿಸುವವರೂ ಹಾರ್ಡ್‌ವೇರನ್ನು ಕಣ್ಣುಮುಚ್ಚಿ ನಂಬುತ್ತಾರೆ: ಸಾಧನ ತಾನೇ ನೇರವಾಗಿ ಬರೆಯುವ ಡಿಎಂಎ ಮೆಮೊರಿಯಲ್ಲಿರುವ ಉದ್ದವನ್ನು ಒಮ್ಮೆ ಓದಿ ಪರಿಶೀಲಿಸಿ, ನಕಲು ಮಾಡುವಾಗ ಅಲ್ಲಿಂದಲೇ ಮತ್ತೆ ಓದುತ್ತಾರೆ. ನಡುವೆ ಸಾಧನ ಅದನ್ನು ಬದಲಿಸಬಹುದು. ಒಮ್ಮೆ ಓದಿ ಲೋಕಲ್ ವೇರಿಯಬಲ್‌ನಲ್ಲಿ ಇಟ್ಟುಕೊಳ್ಳಿ ಎಂದು ಎಷ್ಟು ಸಲ ಬರೆದಿದ್ದೇನೋ!

ಕಾಮೆಂಟ್‌ನಲ್ಲಿ "ಇಲ್ಲಿ ಯೂಸ್ ಆಫ್ಟರ್ ಫ್ರೀ ಇದೆ", ಅಂದರೆ ಬಿಟ್ಟ ಮೆಮೊರಿಯನ್ನೇ ಮತ್ತೆ ಬಳಸಿದೆ, ಎಂದಷ್ಟೇ ಬರೆದರೆ ವಾದ ಶುರು. ಅದಕ್ಕೇ ಸಿಪಿಯು 0, ಸಿಪಿಯು 1 ಎಂದು ಎರಡು ಕಾಲಂ ಮಾಡಿ ಯಾವ ಸಾಲು ಯಾವಾಗ ಓಡುತ್ತದೆಂದು ಬರೆಯುತ್ತೇನೆ. ಆದರೂ ಈಚೆಗೆ ಒಬ್ಬರು, "ಆ ಹೊತ್ತಿಗೆ ಸಾಧನ ಇಂಟರಪ್ಟ್ ಕೊಡುವುದೇ ಇಲ್ಲ ಸರ್, ಡೇಟಾಶೀಟ್‌ನಲ್ಲಿದೆ" ಎಂದರು. ರೀಡ್ ಲೂಪ್ ಓಡುತ್ತಿರುವಾಗ ಸಾಧನಗಳನ್ನು ಫೈಲ್‌ಗಳಾಗಿ ತೋರಿಸುವ ಸಿಸ್‌ಎಫ್‌ಎಸ್‌ನಿಂದ ನೂರು ಸಲ ಅನ್‌ಬೈಂಡ್, ಬೈಂಡ್ ಮಾಡಿ, ಅಂದರೆ ಡ್ರೈವರನ್ನು ಸಾಧನದಿಂದ ಬಿಡಿಸಿ ಮತ್ತೆ ಜೋಡಿಸಿ ನೋಡಿ ಎಂದೆ. ಎರಡು ದಿನ ಉತ್ತರವಿಲ್ಲ. ಆಮೇಲೆ ಬಂದ ಪ್ಯಾಚ್‌ನಲ್ಲಿ ರಿಮೂವ್‌ನ ಮೊದಲ ಸಾಲೇ ಇಂಟರಪ್ಟ್ ಬಿಡುವುದಾಗಿತ್ತು.